ಒಂದೇ ಮಣ್ಣು, ಹಲವು ಅಳತೆ: ಮಣ್ಣು ಸಂಶೋಧನೆಯ ಸಹಕಾರ ಎಲ್ಲಿ ಕುಗ್ಗುತ್ತಿದೆ, ಎಲ್ಲಿ ಬೆಳೆಯುತ್ತಿದೆ?

2025ರ ಜುಲೈ ತಿಂಗಳಲ್ಲಿ ಮಣ್ಣಿನ ವಿಜ್ಞಾನಕ್ಕೆ ಸಂಬಂಧಿಸಿದಂತೆ ಅಮೆರಿಕ ಪಾಲ್ಗೊಂಡ ಎರಡು ವಿರುದ್ಧ ದಿಕ್ಕಿನ ಸುದ್ದಿಗಳು ಬಂದವು. ತಿಂಗಳ ಮೊದಲ ದಿನ ಅಲ್ಲಿನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಅಧಿಕೃತವಾಗಿ ಬಾಗಿಲು ಮುಚ್ಚಿತು. ಬಡ ದೇಶಗಳ ಕೃಷಿ ಮತ್ತು ಮಣ್ಣಿನ ಸಂಶೋಧನೆಗೆ ಹಣ ಒದಗಿಸುತ್ತಿದ್ದ ದೊಡ್ಡ ದಾನಿಗಳಲ್ಲಿ ಅದೂ ಒಂದು. ಅದೇ ತಿಂಗಳ 30ರಂದು ಇಸ್ರೊ ಮತ್ತು ನಾಸಾ ಸೇರಿ ನಿರ್ಮಿಸಿದ ನಿಸಾರ್ ಉಪಗ್ರಹ ಶ್ರೀಹರಿಕೋಟಾದಿಂದ ಹಾರಿತು. ಮಣ್ಣಿನ ತೇವಾಂಶವನ್ನು ಅಳೆಯುವುದು ಅದರ ಕೆಲಸಗಳಲ್ಲಿ ಒಂದು. ಅಕ್ಟೋಬರ್‌ನಲ್ಲಿ ಯುರೋಪಿನ ಸಂಸತ್ತು ಮಣ್ಣಿನ ನಿಗಾವಣೆಗೆಂದೇ ಪ್ರತ್ಯೇಕ ಕಾನೂನಿಗೆ ಒಪ್ಪಿಗೆ ಕೊಟ್ಟಿತು. ಡಿಸೆಂಬರ್ 5ರ ವಿಶ್ವ ಮಣ್ಣಿನ ದಿನವನ್ನು ವಿಶ್ವಸಂಸ್ಥೆ ನಗರಗಳ ಮಣ್ಣಿಗೆ ಮೀಸಲಿಟ್ಟಿತು.

ಈ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ದೇಶ ದೇಶಗಳ ನಡುವಿನ ಸಹಕಾರ ಮುರಿಯುತ್ತಿದೆಯೇ, ಗಟ್ಟಿಯಾಗುತ್ತಿದೆಯೇ? ಮಣ್ಣು ನದಿಯ ಹಾಗೆ ಹರಿದು ಇನ್ನೊಂದು ದೇಶಕ್ಕೆ ಹೋಗುವಂಥದ್ದಲ್ಲ, ಇದ್ದಲ್ಲೇ ಇರುತ್ತದೆ. ಹಾಗಿದ್ದಮೇಲೆ ಅದರ ಸಂಶೋಧನೆಗೆ ಅಂತರರಾಷ್ಟ್ರೀಯ ಒಪ್ಪಂದಗಳಾದರೂ ಏಕೆ? ವಾಸ್ತವದಲ್ಲಿ ಸಹಕಾರ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವ್ಯವಹಾರಗಳು ನಡೆಯುತ್ತಿವೆ. ಒಂದು ಹಣದ ಸಹಕಾರ, ಅದು ಕುಗ್ಗುತ್ತಿದೆ. ಇನ್ನೊಂದು ಅಳತೆಯ ಸಹಕಾರ, ಅದು ನಿಧಾನವಾಗಿಯಾದರೂ ಬೆಳೆಯುತ್ತಿದೆ. ಮೊದಲನೆಯದಕ್ಕಿಂತ ಎರಡನೆಯದೇ ನಮಗೆ ಹೆಚ್ಚು ಮುಖ್ಯ ಎಂಬುದೂ, ಅದರಲ್ಲಿ ನಾವು ಹಿಂದೆ ಬಿದ್ದರೆ ಅದಕ್ಕೆ ಹೊರದೇಶಗಳಿಗಿಂತ ನಮ್ಮ ಇಲಾಖೆಗಳ ನಡುವಿನ ಗೋಡೆಗಳೇ ಹೆಚ್ಚು ಕಾರಣವಾಗುತ್ತವೆ ಎಂಬುದೂ ಈ ಲೇಖನದ ವಾದ.

ಹೆಬ್ಬಾಳದಿಂದ ಆರಂಭ

ಬೆಂಗಳೂರಿಗೆ ಈ ವಿಷಯ ಹೊಸದಲ್ಲ. 1899ರಲ್ಲಿ ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು ಕೃಷಿ ಪ್ರಯೋಗ ಕ್ಷೇತ್ರ ತೆರೆಸಿದರು. ಹೊರದೇಶದಿಂದ ಬಂದ ರಸಾಯನ ವಿಜ್ಞಾನಿ ಡಾ. ಲೇಹ್‌ಮನ್ ಅದರ ಹೊಣೆ ಹೊತ್ತು, ಇಲ್ಲಿನ ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಆರಂಭಿಸಿದರು. ಕೆನಡಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1913ರಲ್ಲಿ, ಅಲ್ಲಿಯೇ ಕೃಷಿ ಶಾಲೆ ಶುರುವಾಯಿತು. ಇಂದಿನ ಕೃಷಿ ವಿಶ್ವವಿದ್ಯಾಲಯದ ಬೇರು ಇರುವುದು ಅಲ್ಲಿ.

ಜಗತ್ತಿನ ಮಟ್ಟದ ಸಂಘಟನೆ ಬಂದದ್ದು ಆಮೇಲೆ. ಮಣ್ಣು ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ 1924ರಲ್ಲಿ ರೋಮ್‌ನಲ್ಲಿ ಹುಟ್ಟಿತು. ಭಾರತೀಯ ಮಣ್ಣು ವಿಜ್ಞಾನ ಸಂಘ 1934ರಲ್ಲಿ ಸ್ಥಾಪನೆಯಾಯಿತು, ಮತ್ತು 1982ರಲ್ಲಿ ವಿಶ್ವ ಮಣ್ಣು ವಿಜ್ಞಾನ ಸಮ್ಮೇಳನ ದೆಹಲಿಯಲ್ಲಿ ನಡೆಯಿತು. ಈ ನಡುವೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಯುನೆಸ್ಕೊ ಜೊತೆಗೂಡಿ 1961ರಲ್ಲಿ ಕೈಗೆತ್ತಿಕೊಂಡ ಜಗತ್ತಿನ ಮಣ್ಣಿನ ನಕ್ಷೆ ಪೂರ್ತಿಯಾಗಲು ಎರಡು ದಶಕ ಹಿಡಿಯಿತು. ಒಂದು ದೇಶ ಕೆಂಪು ಮಣ್ಣು ಎಂದು ಬರೆದದ್ದನ್ನು ಇನ್ನೊಂದು ದೇಶ ಯಾವ ಗುಂಪಿಗೆ ಸೇರಿಸಬೇಕು ಎಂಬುದನ್ನು ತೀರ್ಮಾನಿಸುವುದೇ ಆ ಕೆಲಸದ ದೊಡ್ಡ ಭಾಗವಾಗಿತ್ತು. ಆ ತೊಡಕು ಇಂದಿಗೂ ಪೂರ್ತಿ ಬಗೆಹರಿದಿಲ್ಲ: ಭಾರತದ ಸಮೀಕ್ಷಕರು ಅಮೆರಿಕದ ವರ್ಗೀಕರಣವನ್ನು ಬಳಸಿದರೆ, ಅಂತರರಾಷ್ಟ್ರೀಯ ಸಂಘ ತನ್ನದೇ ಬೇರೆ ವರ್ಗೀಕರಣವನ್ನು ಬೆಳೆಸಿಕೊಂಡು ಬಂದಿದ್ದು, ಅದರ ನಾಲ್ಕನೆಯ ಆವೃತ್ತಿ 2022ರಲ್ಲಿ ಹೊರಬಂದಿದೆ.

ಒಂದೇ ಮಣ್ಣಿಗೆ ಎರಡು ಫಲಿತಾಂಶ

ಅಳತೆಯ ಸಹಕಾರ ಎಂದರೇನು ಎಂಬುದನ್ನು ತಿಳಿಯಲು ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಹೊಲದ ನಾಲ್ಕೂ ಮೂಲೆಗಳಲ್ಲಿ ಮತ್ತು ನಡುವೆ ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೆಗೆದು, ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಕೆರೆದು ಬೆರೆಸಿ, ಅರ್ಧ ಕಿಲೋ ಉಳಿಯುವವರೆಗೆ ಪಾಲು ಮಾಡುತ್ತಾ ಬಂದು, ನೆರಳಿನಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಸಾವಯವ ಇಂಗಾಲವನ್ನು, ಅಂದರೆ ಕೊಳೆತ ಸಸ್ಯ ಮತ್ತು ಜೀವಿಗಳಿಂದ ಮಣ್ಣಿಗೆ ಸೇರಿದ ಇಂಗಾಲವನ್ನು, ಅಳೆಯಲು ಜರಡಿ ಹಿಡಿದ ಒಂದು ಗ್ರಾಂನಷ್ಟು ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ ಮತ್ತು ಗಾಢ ಗಂಧಕಾಮ್ಲ ಸೇರಿಸಿ ಅರ್ಧ ಗಂಟೆ ಬಿಡುತ್ತಾರೆ. ಇಂಗಾಲದ ಜೊತೆ ವರ್ತಿಸದೆ ಉಳಿದ ಡೈಕ್ರೋಮೇಟ್ ಎಷ್ಟು ಎಂಬುದನ್ನು, ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ಹಸಿರಿಗೆ ತಿರುಗುವ ಹೊತ್ತನ್ನು ನೋಡಿ ಲೆಕ್ಕ ಹಾಕುತ್ತಾರೆ. ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ಪ್ರಕಟಿಸಿದ ಈ ವಿಧಾನ ಅಗ್ಗವಾದ್ದರಿಂದ ಭಾರತದಲ್ಲಿ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ.

ಆದರೆ ಈ ವಿಧಾನ ಮಣ್ಣಿನಲ್ಲಿರುವ ಇಂಗಾಲವನ್ನೆಲ್ಲ ಹಿಡಿಯುವುದಿಲ್ಲ. ಸರಾಸರಿ ಮುಕ್ಕಾಲು ಭಾಗವಷ್ಟೇ ಸಿಗುತ್ತದೆ. ಆ ಕೊರತೆಯನ್ನು ತುಂಬಲು ಫಲಿತಾಂಶವನ್ನು 1.3ರಿಂದ ಗುಣಿಸುವ ರೂಢಿ ಇದೆ, ಆದರೆ ಎಲ್ಲ ಮಣ್ಣಿಗೂ ಅದೇ ಗುಣಕ ಹೊಂದುವುದಿಲ್ಲ. ಒಂದು ಪ್ರಯೋಗಾಲಯ ಗುಣಿಸದೆ ಶೇ 0.45 ಎಂದು ಬರೆದರೆ, ಗುಣಿಸುವ ಪ್ರಯೋಗಾಲಯ ಅದೇ ಮಣ್ಣಿಗೆ ಸುಮಾರು ಶೇ 0.59 ಎಂದು ಬರೆಯುತ್ತದೆ. ನಮ್ಮಲ್ಲಿ ಶೇ 0.5ಕ್ಕಿಂತ ಕಡಿಮೆ ಇದ್ದರೆ 'ಕಡಿಮೆ', 0.5ರಿಂದ 0.75ರವರೆಗೆ 'ಮಧ್ಯಮ' ಎಂದು ವಿಂಗಡಿಸುವುದರಿಂದ, ಮಣ್ಣು ಒಂದಿಷ್ಟೂ ಬದಲಾಗದೆ ಗೊಬ್ಬರದ ಶಿಫಾರಸು ಬದಲಾಗಿಬಿಡುತ್ತದೆ. ಒಂದೂರಿನ ಕೊಳಗದಲ್ಲಿ ಅಳೆದ ರಾಗಿಯನ್ನು ಇನ್ನೊಂದೂರಿನ ಕೊಳಗದ ಲೆಕ್ಕದಲ್ಲಿ ಬರೆದಿಟ್ಟಂತಹ ಸ್ಥಿತಿ ಇದು.

ರಂಜಕವನ್ನು ಅಳೆಯುವ ಕಥೆ ಇನ್ನೂ ಸೂಕ್ಷ್ಮ. ಬಯಲುಸೀಮೆಯ ತಟಸ್ಥ ಮತ್ತು ಕ್ಷಾರ ಮಣ್ಣಿಗೆ ಓಲ್ಸನ್ ವಿಧಾನ ಒಪ್ಪುತ್ತದೆ, ಮಲೆನಾಡು ಮತ್ತು ಕರಾವಳಿಯ ಹುಳಿ ಮಣ್ಣಿಗೆ ಬ್ರೇ ವಿಧಾನ ಸೂಕ್ತ. ಬ್ರೇ ದ್ರಾವಣದಲ್ಲಿ ಆಮ್ಲವಿರುವುದರಿಂದ ಸುಣ್ಣ ತುಂಬಿದ ಎರೆ ಮಣ್ಣಿನಲ್ಲಿ ಅದರ ಶಕ್ತಿ ಸುಣ್ಣವನ್ನು ಕರಗಿಸುವುದರಲ್ಲೇ ಕಳೆದುಹೋಗಿ ತಪ್ಪು ಅಂಕಿ ಸಿಗುತ್ತದೆ. ಹೀಗಾಗಿ ವಿಧಾನದ ಹೆಸರಿಲ್ಲದ ಅಂಕಿಯನ್ನು ಮತ್ತೊಂದು ಜಿಲ್ಲೆಯ ಅಂಕಿಯೊಂದಿಗೆ ಹೋಲಿಸುವುದೇ ಕಷ್ಟ. ಬ್ರೆಜಿಲ್ ಅಥವಾ ಕೆನ್ಯಾದ ಅಂಕಿಯೊಂದಿಗಂತೂ ಸಾಧ್ಯವೇ ಇಲ್ಲ.

ಈ ತೊಡಕನ್ನು ಬಿಡಿಸಲೆಂದೇ ಆಹಾರ ಮತ್ತು ಕೃಷಿ ಸಂಸ್ಥೆಯ ಜಾಗತಿಕ ಮಣ್ಣು ಸಹಭಾಗಿತ್ವದ ಅಡಿಯಲ್ಲಿ 2017ರಲ್ಲಿ ಮಣ್ಣು ಪ್ರಯೋಗಾಲಯಗಳ ಜಾಗತಿಕ ಜಾಲ ಆರಂಭವಾಯಿತು. ಗ್ಲೋಸೊಲಾನ್ ಎಂದು ಕರೆಯುವ ಈ ಜಾಲ ಪ್ರತಿ ಪರೀಕ್ಷೆಗೂ ಹಂತಹಂತದ ಏಕರೂಪದ ವಿಧಿಯನ್ನು ಬರೆದುಕೊಡುತ್ತದೆ, ಮತ್ತು ಒಂದೇ ಮಣ್ಣನ್ನು ಹಲವು ಪ್ರಯೋಗಾಲಯಗಳಿಗೆ ಕಳಿಸಿ ಯಾರ ಉತ್ತರ ಎಷ್ಟು ದೂರವಿದೆ ಎಂದು ತಾಳೆ ನೋಡುತ್ತದೆ. ಪತ್ರಿಕೆಗಳ ಮುಖಪುಟಕ್ಕೆ ಎಂದೂ ಬಾರದ ಈ ಕೆಲಸವೇ ಮಣ್ಣಿನ ಸಹಕಾರದ ನಿಜವಾದ ತಿರುಳು.

ಆಕಾಶದ ರಾಡಾರ್‌ಗೆ ಹೊಲದ ಸಾಕ್ಷಿ

ಉಪಗ್ರಹವಿದ್ದರೆ ಇಷ್ಟೆಲ್ಲ ಮಣ್ಣು ಅಗೆಯುವ ಅಗತ್ಯವಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ತಪ್ಪು. ನಿಸಾರ್‌ನಲ್ಲಿ ಎರಡು ರಾಡಾರ್‌ಗಳಿವೆ: ಸುಮಾರು 24 ಸೆಂಟಿಮೀಟರ್ ತರಂಗಾಂತರದ ಎಲ್ ಬ್ಯಾಂಡ್ ನಾಸಾದ್ದು, ಅದಕ್ಕಿಂತ ಚಿಕ್ಕ ತರಂಗದ ಎಸ್ ಬ್ಯಾಂಡ್ ಇಸ್ರೊದ್ದು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಜೋಡಣೆಗೊಂಡ ಈ ಉಪಗ್ರಹ 12 ದಿನಕ್ಕೊಮ್ಮೆ ಅದೇ ಜಾಗವನ್ನು ಮತ್ತೆ ನೋಡುತ್ತದೆ, ಅದರ ಮಾಹಿತಿ ಎಲ್ಲರಿಗೂ ಉಚಿತ. ಆದರೆ ರಾಡಾರ್ ಅಳೆಯುವುದು ನೆಲದಿಂದ ಮರಳಿ ಬಂದ ಅಲೆಯನ್ನು ಮಾತ್ರ. ಆ ಅಲೆಯ ಬಲ ತೇವಾಂಶದಿಂದ ಬದಲಾಗುವಂತೆಯೇ ಉಳುಮೆಯ ಏರುತಗ್ಗಿನಿಂದ, ಪೈರಿನ ಎತ್ತರದಿಂದಲೂ ಬದಲಾಗುತ್ತದೆ. ಜೊತೆಗೆ ಅದು ಹೇಳಬಲ್ಲದ್ದು ಮೇಲ್ಪದರದ ಕೆಲವೇ ಸೆಂಟಿಮೀಟರ್‌ಗಳ ವಿಷಯವನ್ನು.

ಆದ್ದರಿಂದ ಉಪಗ್ರಹ ಮೇಲಿನಿಂದ ಹಾದುಹೋಗುವ ದಿನ ಕೆಳಗೆ ಯಾರಾದರೂ ಹೊಲದಲ್ಲಿ ಇರಬೇಕಾಗುತ್ತದೆ. ತಟ್ಟೆಯಲ್ಲಿ ಮಣ್ಣು ಹಿಡಿದು ತೂಗಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿದಾಗ ಸಿಗುವ ವ್ಯತ್ಯಾಸವೇ ನಿಜವಾದ ತೇವಾಂಶ. ಉಳಿದ ಉಪಕರಣಗಳೆಲ್ಲ ಅದಕ್ಕೆ ಹೊಂದಿಸಿಕೊಳ್ಳಬೇಕು. ಗುಂಡ್ಲುಪೇಟೆ ಬಳಿಯ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧಕರು ಜಂಟಿಯಾಗಿ ಇದನ್ನು ವರ್ಷಗಟ್ಟಲೆ ಮಾಡಿಕೊಂಡು ಬಂದಿದ್ದಾರೆ. ಬಂಡೀಪುರ ಕಾಡಿನೊಳಗಿನ ಮೂಲೆಹೊಳೆಯಲ್ಲಿ ಮಣ್ಣು, ನೀರು ಮತ್ತು ಕಲ್ಲಿನ ಶಿಥಿಲೀಕರಣವನ್ನು ಅವರು ಎರಡು ದಶಕಗಳಿಂದ ಗಮನಿಸುತ್ತಿದ್ದಾರೆ. ಒಂದು ಕಡೆ ರೈತರು ಬೋರ್‌ವೆಲ್‌ನಿಂದ ಅರಿಶಿನ, ತರಕಾರಿ ಬೆಳೆಯುವ ಹೊಲ, ಇನ್ನೊಂದು ಕಡೆ ಯಾರೂ ಮುಟ್ಟದ ಕಾಡು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಅಳೆಯುವ ಅವಕಾಶ ಅಪರೂಪದ್ದು. ಯುರೋಪಿನ ಸ್ಮಾಸ್ ಉಪಗ್ರಹ ಮತ್ತು ನಮ್ಮ ರೀಸ್ಯಾಟ್ ಉಪಗ್ರಹದ ತೇವಾಂಶದ ಅಂದಾಜುಗಳನ್ನು ಪರೀಕ್ಷಿಸಲು ಬೇರಂಬಾಡಿಯ ಅಳತೆಗಳು ಬಳಕೆಯಾಗಿವೆ. ಚಾಮರಾಜನಗರದ ಒಂದು ಹೊಲದ ಮಣ್ಣು ಯುರೋಪಿನ ಉಪಗ್ರಹದ ಲೆಕ್ಕವನ್ನು ತಿದ್ದಬಲ್ಲದು ಎಂಬುದು, ಇದ್ದಲ್ಲೇ ಇರುವ ಮಣ್ಣಿಗೆ ಅಂತರರಾಷ್ಟ್ರೀಯ ಸಹಕಾರ ಏಕೆ ಎಂಬ ಪ್ರಶ್ನೆಗೆ ನೇರವಾದ ಉತ್ತರ.

ಹಣ ನಿಂತಾಗ ಮೊದಲು ನಿಲ್ಲುವುದು

ಯುಎಸ್‌ಏಡ್ ಮುಚ್ಚಿದಾಗ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನೆಲೆಯಾಗಿದ್ದು ಬಡ ದೇಶಗಳ ಕೃಷಿಗಾಗಿ ದುಡಿಯುತ್ತಿದ್ದ ಸಂಶೋಧನಾ ಕೇಂದ್ರಗಳೂ ನೆರವು ಕಳೆದುಕೊಂಡವು. ಭಾರತದ ಸಂಸ್ಥೆಗಳ ಮಟ್ಟಿಗೆ ಇದು ನೇರ ಹೊಡೆತವಲ್ಲ, ಏಕೆಂದರೆ ಇಲ್ಲಿನ ಮಣ್ಣು ಸಂಶೋಧನೆಗೆ ಮುಖ್ಯವಾಗಿ ಹಣ ಕೊಡುವುದು ನಮ್ಮದೇ ಸರ್ಕಾರಗಳು. ಆದರೆ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಂತಹ ಅಂತರರಾಷ್ಟ್ರೀಯ ಕೇಂದ್ರಗಳು ಹಲವು ದೇಶಗಳ ದಾನದಿಂದ ನಡೆಯುತ್ತವೆ. ಕರ್ನಾಟಕದಲ್ಲಿ 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಇದೇ ಇಕ್ರಿಸ್ಯಾಟ್ ರಾಜ್ಯದ ಕೃಷಿ ಇಲಾಖೆಯೊಂದಿಗೆ ಸೇರಿ ಊರೂರಿನ ಮಣ್ಣು ಪರೀಕ್ಷಿಸಿ, ಖುಷ್ಕಿ ಜಮೀನುಗಳಲ್ಲಿ ಸತು, ಬೋರಾನ್ ಮತ್ತು ಗಂಧಕದ ಕೊರತೆ ವ್ಯಾಪಕವಾಗಿದೆ ಎಂದು ತೋರಿಸಿಕೊಟ್ಟಿತ್ತು. ಸಾರಜನಕ, ರಂಜಕ, ಪೊಟ್ಯಾಷ್‌ಗಳ ಸುತ್ತಲೇ ನಿಂತಿದ್ದ ಗೊಬ್ಬರದ ಚರ್ಚೆ ಆಮೇಲೆ ಹಿಗ್ಗಿತು.

ಹಣದ ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದು ದೀರ್ಘಾವಧಿ ಪ್ರಯೋಗಗಳಿಗೆ, ಏಕೆಂದರೆ ಅವುಗಳಿಂದ ಆ ವರ್ಷವೇ ತೋರಿಸಬಹುದಾದ ಫಲಿತಾಂಶ ಇರುವುದಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆದು ಮಣ್ಣನ್ನು ಗಮನಿಸುತ್ತಿದ್ದಾರೆ, ಹಳೆಯ ಮಾದರಿಗಳನ್ನೂ ಕಾಪಿಟ್ಟಿದ್ದಾರೆ. ಕೈಗಾರಿಕೆಯ ವಿಷಗಳು ಮಣ್ಣಿಗೆ ಯಾವಾಗ ಸೇರಿದವು ಎಂಬುದನ್ನು ಆ ಸೀಸೆಗಳಿಂದಲೇ ನಂತರದ ವಿಜ್ಞಾನಿಗಳು ಪತ್ತೆ ಮಾಡಿದರು. ಮಾದರಿ ಕಾಪಿಟ್ಟವರಿಗೆ ಆ ವಿಷಗಳ ಹೆಸರೂ ತಿಳಿದಿರಲಿಲ್ಲ. ನಮ್ಮಲ್ಲಿಯೂ 1970ರಿಂದ ಅಖಿಲ ಭಾರತ ಮಟ್ಟದ ದೀರ್ಘಾವಧಿ ಗೊಬ್ಬರ ಪ್ರಯೋಗವಿದೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ರಾಗಿ ಮತ್ತು ಮುಸುಕಿನ ಜೋಳದ ಮೇಲೆ ಅದು ನಡೆಯುತ್ತಿದೆ. ಬರೀ ಸಾರಜನಕ ಹಾಕುತ್ತಾ ಹೋದರೆ ಮಣ್ಣು ಹುಳಿಯಾಗಿ ಇಳುವರಿ ಕುಸಿಯುತ್ತದೆ, ಕೊಟ್ಟಿಗೆ ಗೊಬ್ಬರ ಮತ್ತು ಸುಣ್ಣ ಜೊತೆಗಿದ್ದರೆ ಉಳಿಯುತ್ತದೆ ಎಂಬುದನ್ನು ಅದು ತೋರಿಸಿದೆ. ಎರಡು ಮೂರು ವರ್ಷದ ಯೋಜನೆಯಿಂದ ಈ ತಿಳಿವಳಿಕೆ ಬರುವುದು ಸಾಧ್ಯವೇ ಇರಲಿಲ್ಲ.

ಮಾಹಿತಿ ಯಾರ ಸೊತ್ತು?

ಮಣ್ಣಿನ ಮಾಹಿತಿಯನ್ನು ಜಗತ್ತಿನೊಂದಿಗೆ ಹಂಚಿಕೊಳ್ಳಬೇಕೇ ಎಂಬಲ್ಲಿ ಅಭಿಪ್ರಾಯಗಳು ತೀವ್ರವಾಗಿ ಒಡೆದಿವೆ. ಹಂಚಿಕೊಳ್ಳಬೇಕು ಎನ್ನುವವರ ವಾದ ಸರಳವಾಗಿದೆ. ನೆದರ್‌ಲ್ಯಾಂಡ್ಸ್‌ನ ವಾಗನಿಂಗನ್‌ನಲ್ಲಿರುವ ಐಸ್ರಿಕ್ ಸಂಸ್ಥೆ ಇಡೀ ಭೂಮಿಗೆ 250 ಮೀಟರ್ ಸೂಕ್ಷ್ಮತೆಯ ಮಣ್ಣಿನ ಅಂದಾಜು ನಕ್ಷೆಯನ್ನು ಉಚಿತವಾಗಿ ಕೊಡುತ್ತದೆ, ಹವಾಮಾನದ ಲೆಕ್ಕಾಚಾರಗಳಲ್ಲಿ ಅದು ಬಳಕೆಯಾಗುತ್ತದೆ. ಯಾವ ದೇಶ ತನ್ನ ನಿಜವಾದ ಅಳತೆಗಳನ್ನು ಕೊಡುವುದಿಲ್ಲವೋ ಆ ದೇಶದ ಮಣ್ಣನ್ನು ಬೇರೆ ದೇಶದ ಅಳತೆಗಳಿಂದ ಊಹಿಸಲಾಗುತ್ತದೆ, ಮತ್ತು ಆ ಊಹೆಯೇ ಮುಂದೆ ಆ ದೇಶದ ಬಗೆಗಿನ ಅಂತರರಾಷ್ಟ್ರೀಯ ವರದಿಗಳಿಗೆ ಆಧಾರವಾಗುತ್ತದೆ. ಅಂದರೆ ಮೌನವಾಗಿದ್ದರೆ ಮಾಹಿತಿ ಸುರಕ್ಷಿತವಾಗಿ ಉಳಿಯುತ್ತದೆ ಎಂದು ಭಾವಿಸುವಂತಿಲ್ಲ. ನಮ್ಮ ಪರವಾಗಿ ಇನ್ನೊಬ್ಬರು ತಪ್ಪು ಉತ್ತರ ಬರೆಯುತ್ತಾರೆ.

ವಿರೋಧಿಸುವವರ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಸರ್ವೆ ನಂಬರ್ ಮಟ್ಟದ ಮಣ್ಣಿನ ವಿವರ ರೈತರ ಹೆಸರಿನೊಂದಿಗೆ ಸೇರಿದರೆ ಗೊಬ್ಬರದ ಕಂಪನಿ, ಸಾಲ ಕೊಡುವವರು, ಜಮೀನು ಕೊಳ್ಳಲು ಬರುವವರು ಅದನ್ನು ತಮ್ಮ ಲಾಭಕ್ಕೆ ಬಳಸಬಹುದು, ಮಣ್ಣು ಕೊಟ್ಟ ರೈತರಿಗೆ ಅದರಿಂದ ಏನೂ ಸಿಗದಿರಬಹುದು. ಮಣ್ಣಿನ ಸೂಕ್ಷ್ಮಾಣುಗಳ ವಿಷಯದಲ್ಲಿ ಭಯ ಇನ್ನೂ ಹೆಚ್ಚು, ಏಕೆಂದರೆ ಅವುಗಳಿಂದ ಔಷಧ ಅಥವಾ ಜೈವಿಕ ಗೊಬ್ಬರ ತಯಾರಾದರೆ ಪೇಟೆಂಟ್ ಹೊರಗಿನವರ ಪಾಲಾಗಬಹುದು. 2002ರ ಜೀವವೈವಿಧ್ಯ ಕಾಯ್ದೆ ಸೂಕ್ಷ್ಮಾಣುಗಳನ್ನೂ ಜೈವಿಕ ಸಂಪನ್ಮೂಲ ಎಂದು ಪರಿಗಣಿಸಿ, ವಿದೇಶಿಯರು ಅವನ್ನು ಸಂಶೋಧನೆಗೆ ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕೆಂದು ವಿಧಿಸಿದೆ. ಸರ್ಕಾರ ಅನುಮೋದಿಸಿದ ಜಂಟಿ ಯೋಜನೆಗಳಿಗೆ ವಿನಾಯಿತಿಯೂ ಇದೆ. ಮಣ್ಣಿನಲ್ಲಿ ರೋಗಾಣು, ಜಂತು, ಕಳೆಬೀಜ ಸಾಗಬಹುದಾದ್ದರಿಂದ ಭಾರತವೂ ಸೇರಿದಂತೆ ಅನೇಕ ದೇಶಗಳು ಮಣ್ಣಿನ ಆಮದನ್ನು ಅನುಮತಿಯಿಲ್ಲದೆ ಬಿಡುವುದಿಲ್ಲ. ಪ್ರಯೋಗಾಲಯಗಳನ್ನು ತಾಳೆ ನೋಡುವ ಜಾಲಕ್ಕೆ ಇದೇ ದೊಡ್ಡ ಅಡ್ಡಿ: ಹೋಲಿಕೆಗೆ ಬೇಕಾದ ಅರ್ಧ ಕಿಲೋ ಮಣ್ಣು ಬಂದರಿನಲ್ಲೇ ನಿಲ್ಲಬಹುದು.

ಈ ಎರಡರ ನಡುವೆ ನಡೆಯುವ ದಾರಿಯೊಂದು ಈಗಾಗಲೇ ಇದೆ. 2017ರ ಡಿಸೆಂಬರ್ 5ರಂದು ಬಿಡುಗಡೆಯಾದ ಸಾವಯವ ಇಂಗಾಲದ ಜಾಗತಿಕ ನಕ್ಷೆಯನ್ನು ತಯಾರಿಸುವಾಗ ದೇಶಗಳು ತಮ್ಮ ಮೂಲ ಮಾಹಿತಿಯನ್ನು ತಮ್ಮಲ್ಲೇ ಇಟ್ಟುಕೊಂಡು, ಒಪ್ಪಿದ ವಿಧಾನದಲ್ಲಿ ತಾವೇ ನಕ್ಷೆ ಬರೆದು, ಆ ನಕ್ಷೆಯನ್ನು ಮಾತ್ರ ಹಂಚಿಕೊಂಡವು. ರೈತರ ಹೆಸರು, ಸರ್ವೆ ನಂಬರ್ ಹೊರಹೋಗಬೇಕಾದ ಅಗತ್ಯ ಬರಲಿಲ್ಲ.

ಯುರೋಪಿನ ಅನುಭವವೂ ಇಲ್ಲಿ ಗಮನಾರ್ಹ. ಅಲ್ಲಿ 2006ರಲ್ಲೇ ಮಂಡನೆಯಾದ ಮಣ್ಣಿನ ಕಾನೂನನ್ನು ಜರ್ಮನಿ, ಬ್ರಿಟನ್ ಮೊದಲಾದ ಕೆಲವು ದೇಶಗಳು, ಮಣ್ಣು ಸ್ಥಳೀಯ ವಿಷಯ ಎಂಬ ವಾದದಿಂದ ತಡೆದವು. 2014ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2025ರ ಕಾನೂನು ಗೆದ್ದದ್ದು ಬಹುಮಟ್ಟಿಗೆ ಅದರ ಮಿತವಾದ ಗುರಿಯಿಂದ: ಜಮೀನಿನ ಒಡೆಯರ ಮೇಲೆ ಹೊಸ ಕರ್ತವ್ಯ ಹೇರದೆ, ಎಲ್ಲ ಸದಸ್ಯ ದೇಶಗಳೂ ಹೋಲಿಸಬಹುದಾದ ರೀತಿಯಲ್ಲಿ ಮಣ್ಣನ್ನು ಅಳೆಯಬೇಕು ಎಂದು ಅದು ಕೇಳುತ್ತದೆ.

ನಮ್ಮೊಳಗಿನ ಗೋಡೆಗಳು

ಕರ್ನಾಟಕದ ಮಣ್ಣಿನ ಮಾಹಿತಿ ಕಡಿಮೆಯೇನಿಲ್ಲ. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಹೆಬ್ಬಾಳದಲ್ಲಿದೆ. ವಿಶ್ವಬ್ಯಾಂಕ್ ನೆರವಿನ ಜಲಾನಯನ ಅಭಿವೃದ್ಧಿಯ ಸುಜಲ ಯೋಜನೆಯ ಮೂರನೇ ಹಂತದಲ್ಲಿ ಅದು ಸರ್ವೆ ನಂಬರ್ ತೋರುವಷ್ಟು ವಿವರದ ಭೂಸಂಪನ್ಮೂಲ ಸಮೀಕ್ಷೆಯ ಮುಂದಾಳತ್ವ ವಹಿಸಿತು. ಮಣ್ಣಿನ ಆಳ, ಇಳಿಜಾರು, ಕೊಚ್ಚಣೆ, ಯಾವ ಬೆಳೆ ಒಗ್ಗುತ್ತದೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಅದನ್ನು ಮುಂದುವರಿಸುವ ರಿವಾರ್ಡ್ ಯೋಜನೆಗೆ 2022ರಲ್ಲಿ ಒಪ್ಪಂದವಾಯಿತು. ಇನ್ನೊಂದೆಡೆ 2015ರಲ್ಲಿ ಆರಂಭವಾದ ಕೇಂದ್ರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ದೇಶದಾದ್ಯಂತ 20 ಕೋಟಿಗೂ ಹೆಚ್ಚು ಕಾರ್ಡ್‌ಗಳನ್ನು ಹಂಚಲಾಗಿದೆ.

ತೊಂದರೆ ಇರುವುದು ಇವು ಒಂದಕ್ಕೊಂದು ಹೊಂದದಿರುವುದರಲ್ಲಿ. ಕಾರ್ಡ್ 12 ಅಂಶಗಳನ್ನು ಹೇಳುತ್ತದೆ, ಆದರೆ ಮಣ್ಣಿನ ಆಳ ಹೇಳುವುದಿಲ್ಲ. ಖುಷ್ಕಿಯಲ್ಲಿ 10 ಹೆಕ್ಟೇರ್‌ನ ಒಂದು ಚೌಕಕ್ಕೆ ಒಂದೇ ಮಾದರಿ ತೆಗೆಯುವ ನಿಯಮದಿಂದ ಹಲವು ರೈತರ ಕಾರ್ಡ್‌ನಲ್ಲಿ ಒಂದೇ ಅಂಕಿ ಇರಬಹುದು. ಭೂಸಂಪನ್ಮೂಲ ಸಮೀಕ್ಷೆ ಮಣ್ಣಿನ ಜಾತಿ ಹಿಡಿದು ಗಡಿ ಎಳೆಯುತ್ತದೆ, ಕಾರ್ಡ್ ಚೌಕ ಹಿಡಿದು ಎಳೆಯುತ್ತದೆ. ಇನ್ನು ನಗರದ ಮಣ್ಣು ಇವೆರಡರ ಲೆಕ್ಕಕ್ಕೂ ಬರುವುದಿಲ್ಲ, ಏಕೆಂದರೆ ಎರಡೂ ಯೋಜನೆಗಳು ಕೃಷಿ ಮತ್ತು ಜಲಾನಯನಕ್ಕಾಗಿ ಇರುವಂಥವು. ಕೆರೆ ಅಂಗಳದ ಸೊಪ್ಪಿನ ತೋಟಗಳಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟಿದೆ ಎಂಬುದು ಆ 12 ಅಂಶಗಳಲ್ಲಿ ಸೇರಿಲ್ಲ. ಆ ಸೊಪ್ಪನ್ನು ತಿನ್ನುವ ಬೆಂಗಳೂರಿಗರಿಗೆ ಇದು ಸಣ್ಣ ಕೊರತೆಯಲ್ಲ.

ಇಂಗಾಲಕ್ಕೆ ಬೆಲೆ ಬಂದಾಗ

ಈ ಹೊಂದಾಣಿಕೆಯ ಕೊರತೆ ಇಷ್ಟು ದಿನ ವಿಜ್ಞಾನಿಗಳ ತಲೆನೋವಾಗಿತ್ತು, ಇನ್ನು ರೈತರ ಆದಾಯದ ಪ್ರಶ್ನೆಯಾಗಲಿದೆ. ಮಣ್ಣಿನಲ್ಲಿ ಇಂಗಾಲ ಹಿಡಿದಿಟ್ಟ ರೈತರಿಗೆ ಕಂಪನಿಗಳು ಹಣ ಕೊಡಬಹುದಾದ, ಕೃಷಿ ಕ್ಷೇತ್ರದ ಸ್ವಯಂಪ್ರೇರಿತ ಇಂಗಾಲದ ಮಾರುಕಟ್ಟೆಗೆ ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಚೌಕಟ್ಟು ಪ್ರಕಟಿಸಿದೆ. ಒಂದು ಹೆಕ್ಟೇರ್ ಹೊಲದ ಮೇಲಿನ 30 ಸೆಂಟಿಮೀಟರ್ ಮಣ್ಣು, ಘನ ಮೀಟರಿಗೆ 1.3 ಟನ್ ಎಂದು ಹಿಡಿದರೆ, ಸುಮಾರು 3,900 ಟನ್ ತೂಗುತ್ತದೆ. ಇಂಗಾಲದ ಅಂಕಿಯಲ್ಲಿ ಶೇ 0.1ರ ವ್ಯತ್ಯಾಸ ಬಂದರೂ ಅದು 3.9 ಟನ್ ಇಂಗಾಲ, ಅಂದರೆ ಸುಮಾರು 14 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಮೇಲೆ ನೋಡಿದ ಗುಣಕದ ವ್ಯತ್ಯಾಸವೊಂದೇ ಇದಕ್ಕಿಂತ ದೊಡ್ಡದು. ಕಾರ್ಡ್‌ನ ಮಾದರಿ 15 ಸೆಂಟಿಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ, ಘನ ಮೀಟರಿನ ತೂಕವನ್ನು ಅದು ಅಳೆಯುವುದೇ ಇಲ್ಲ. ಆದ್ದರಿಂದ ಕೋಟ್ಯಂತರ ಕಾರ್ಡ್‌ಗಳಿದ್ದರೂ ಅವುಗಳಿಂದ ಇಂಗಾಲದ ವ್ಯಾಪಾರ ಮಾಡಲಾಗದು. ನಮ್ಮದೇ ಒಪ್ಪಿತ ಅಳತೆ ಇಲ್ಲದಿದ್ದರೆ ಕೊಳ್ಳುವ ಕಂಪನಿ ತನ್ನ ಅಳತೆಯನ್ನೇ ತರುತ್ತದೆ, ಮತ್ತು ತಕರಾರು ಬಂದಾಗ ರೈತರ ಕೈಯಲ್ಲಿ ಎದುರಿಗಿಡಲು ಏನೂ ಇರುವುದಿಲ್ಲ.

ಇದನ್ನು ತಪ್ಪಿಸಲು ಬೇಕಾದ ಕೆಲಸಗಳಿಗೆ ವಿದೇಶಿ ಹಣವೂ ಬೇಡ, ಹೊಸ ಒಪ್ಪಂದವೂ ಬೇಡ. ಪ್ರತಿ ಕಾರ್ಡ್‌ನಲ್ಲಿ ಅಂಕಿಯ ಪಕ್ಕ ಪರೀಕ್ಷೆಯ ವಿಧಾನ ಮತ್ತು ಬಳಸಿದ ಗುಣಕವನ್ನು ಮುದ್ರಿಸಬೇಕು. ಜಿಲ್ಲಾ ಪ್ರಯೋಗಾಲಯಗಳಿಗೆ ವರ್ಷಕ್ಕೊಮ್ಮೆ ಒಂದೇ ಮಣ್ಣನ್ನು ಕಳಿಸಿ ತಾಳೆ ನೋಡಿ ಫಲಿತಾಂಶವನ್ನು ಬಹಿರಂಗಪಡಿಸಬೇಕು. ರಾಜ್ಯದೊಳಗೆ ಮಣ್ಣು ಸಾಗಿಸಲು ಯಾವ ಬಂದರಿನ ಅನುಮತಿಯೂ ಬೇಕಾಗುವುದಿಲ್ಲ. ಪರೀಕ್ಷಿಸಿದ ಮಾದರಿಗಳಲ್ಲಿ ಆಯ್ದ ಒಂದು ಭಾಗವನ್ನು ಒಣಗಿಸಿ, ಸರ್ವೆ ನಂಬರ್ ಮತ್ತು ದಿನಾಂಕದೊಂದಿಗೆ ಮೊಹರು ಮಾಡಿ ವಿಶ್ವವಿದ್ಯಾಲಯಗಳಲ್ಲಿ ಇಡಬೇಕು. ಬೆಂಗಳೂರಿನಲ್ಲಿ ಸಮೀಕ್ಷಾ ಕೇಂದ್ರ, ಕೃಷಿ ವಿಶ್ವವಿದ್ಯಾಲಯ, ವಿಜ್ಞಾನ ಸಂಸ್ಥೆ, ಇಸ್ರೊ ಮತ್ತು ಕೃಷಿ ಇಲಾಖೆಯ ಕಚೇರಿ ಐದೂ ಒಂದೇ ಊರಿನಲ್ಲಿವೆ. ದೇಶದ ಬೇರೆ ನಗರಗಳಿಗೆ ಸುಲಭವಾಗಿ ಸಿಗದ ಅನುಕೂಲವಿದು. ನಿಸಾರ್‌ನ ತೇವಾಂಶದ ನಕ್ಷೆಗಳು ಹೊರಬರುತ್ತಾ ಹೋದಂತೆ ಅವನ್ನು ರಾಜ್ಯದ ಸಮೀಕ್ಷೆಯ ಮಣ್ಣಿನ ಆಳದ ನಕ್ಷೆಯೊಂದಿಗೆ ಸೇರಿಸಿ, ಯಾವ ಹೋಬಳಿಯ ಪೈರು ಮಳೆ ನಿಂತ ಎಷ್ಟು ದಿನಕ್ಕೆ ಬಾಡುತ್ತದೆ ಎಂದು ರೈತ ಸಂಪರ್ಕ ಕೇಂದ್ರಗಳಿಗೆ ಮುಂಚಿತವಾಗಿ ತಿಳಿಸಲು ಸಾಧ್ಯವಿದೆ. ಅದಕ್ಕೆ ಬೇಕಾದ ಎರಡೂ ನಕ್ಷೆಗಳ ಮೂಲ ಇದೇ ಊರಿನಲ್ಲಿದೆ, ಆದರೆ ಬೇರೆ ಬೇರೆ ಕಚೇರಿಗಳಲ್ಲಿ.